ವಿದ್ಯಾರ್ಥಿಗಳೂ ಕಿರುಚಿತ್ರವೂ

ರಜೆ ಬಂದರೆ ವಿದ್ಯಾರ್ಥಿಯಾದವನು ಏನು ಮಾಡಬೇಕೆಂಬ ವಿಷಯದಲ್ಲಿ ನಮ್ಮ ಹಿರಿಯರಲ್ಲಿ ಭಿನ್ನಾಭಿಪ್ರಾಯವಿಲ್ಲ. ಓದಬೇಕು, ಓದಲಾಗದಿದ್ದರೆ ಮನೆಯ ಕೆಲಸಕ್ಕೆ ಕೈಹಚ್ಚಬೇಕು, ಎರಡೂ ಆಗದಿದ್ದರೆ ಯಾರ ಕಣ್ಣಿಗೂ ಬೀಳದಂತೆ ಇದ್ದುಬಿಡಬೇಕು. ಈ ಮೂರಕ್ಕೂ ಸೇರದ ನಾಲ್ಕನೆಯ ಉದ್ಯೋಗವೊಂದು ಈಚೆಗೆ ನಮ್ಮ ನಡುವೆ ಹಬ್ಬಿದೆ. ನಾಲ್ಕೈದು ಜನ ಗೆಳೆಯರು ಸೇರುವುದು, ಒಬ್ಬನ ಮೊಬೈಲನ್ನು ಕ್ಯಾಮರಾ ಮಾಡಿಕೊಳ್ಳುವುದು, ಹತ್ತು ಹದಿನೈದು ನಿಮಿಷದ ಚಿತ್ರವೊಂದನ್ನು ತೆಗೆಯುವುದು. ಇದು ಶುದ್ಧ ಕಾಲಹರಣವೆಂದು ನಮ್ಮ ಅಧ್ಯಾಪಕರಲ್ಲಿ ಕೆಲವರು ತಿಳಿದಿದ್ದಾರೆ. ಇದೇ ಬದುಕಿನ ಗುರಿಯೆಂದು ನನ್ನ ಸಹಪಾಠಿಗಳಲ್ಲಿ ಕೆಲವರು ತಿಳಿದಿದ್ದಾರೆ. ಎರಡು ಮಾತನ್ನೂ ನಾನು ಒಪ್ಪಲಾರೆ. ಕಳೆದ ಬೇಸಿಗೆಯ ರಜೆಯಲ್ಲಿ ಈ ಉದ್ಯೋಗಕ್ಕೆ ನಾನೂ ಇಳಿದವನಾದ್ದರಿಂದ ಎರಡು ಪಕ್ಷಕ್ಕೂ ನಾಲ್ಕು ಮಾತು ಹೇಳುವ ಅಧಿಕಾರ ನನಗುಂಟೆಂದು ಭಾವಿಸಿದ್ದೇನೆ.

ಮೊದಲು ಅಧ್ಯಾಪಕರ ಆಕ್ಷೇಪವನ್ನು ನೋಡೋಣ. ಅದು ಪೂರ್ತಿ ಹುರುಳಿಲ್ಲದ್ದೆಂದು ನಾನು ಹೇಳುವುದಿಲ್ಲ. ನಮ್ಮಂಥ ಸರ್ಕಾರಿ ಕಾಲೇಜಿಗೆ ಬರುವವರಲ್ಲಿ ಬಹುಮಂದಿ ತಂದೆತಾಯಿಗಳು ಕಟ್ಟಿದ ಶುಲ್ಕದ ಲೆಕ್ಕವನ್ನು ಬಾಯಿಪಾಠ ಬಲ್ಲವರು. ನಾನೂ ಅಂಥವನೇ; ನಮ್ಮ ವಂಶದಲ್ಲಿ ಪದವಿ ತರಗತಿಯ ಬೆಂಚಿನ ಮೇಲೆ ಕುಳಿತವರಲ್ಲಿ ನಾನು ಮೊದಲನೆಯವನು. ಅಂಥವನಿಗೆ ಸಿನಿಮಾದ ಹುಚ್ಚು ಹತ್ತಿದರೆ ಮನೆಯ ಗತಿಯೇನು ಎಂದು ಗುರುಗಳು ಕೇಳಿದರೆ ಅದರಲ್ಲಿ ಕಾಳಜಿ ಇದೆ. ಆದರೆ ಅದೇ ಗುರುಗಳು ತರಗತಿಯಲ್ಲಿ "ನಿಮ್ಮ ಸುತ್ತಲಿನ ಸಮಾಜವನ್ನು ಕಣ್ಣು ಬಿಟ್ಟು ನೋಡಿ" ಎಂದು ಹೇಳುತ್ತಾರೆ. ಸಮಾಜಶಾಸ್ತ್ರದ ಪ್ರಶ್ನೆಪತ್ರಿಕೆಗೆ ಉತ್ತರ ಬರೆಯಲು ಕಣ್ಣು ಬೇಕಾಗಿಲ್ಲ, ಕೈ ಇದ್ದರೆ ಸಾಕು. ಇದು ಮೂರು ವರ್ಷದ ನನ್ನ ಅನುಭವ. ಒಂದೇ ಅಂಗಳವನ್ನು ಒಂಬತ್ತು ದಿನ ಒಂದೇ ಕಡೆಯಿಂದ ನೋಡಬೇಕಾದಾಗ ಕಣ್ಣು ಬೇಕಾಯಿತು. ಖರ್ಚಿನ ಮಾತು ಬಂದಿತಾದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಅಂಗಿಗೆ ಸಿಕ್ಕಿಸುವ ಮೈಕು, ಬಸ್ಸಿನ ಚಾರ್ಜು, ಚಹಾ, ಬನ್ನು ಎಲ್ಲ ಸೇರಿ ನಾಲ್ವರಿಗೆ 1,460 ರೂಪಾಯಿ. ಒಂದು ಪ್ರವಾಸಕ್ಕೆ ಇದಕ್ಕಿಂತ ಹೆಚ್ಚು ಆಗುತ್ತದೆ.

ಇನ್ನು ಸಹಪಾಠಿಗಳು. ಇವರ ಮೇಲೆ ನನಗೆ ಸಿಟ್ಟು ತುಸು ಹೆಚ್ಚು. ನಮ್ಮ ಜಿಲ್ಲೆಯ ಕಾಲೇಜುಗಳ ಹುಡುಗರು ತೆಗೆದ ಇಪ್ಪತ್ತಕ್ಕೂ ಹೆಚ್ಚು ಕಿರುಚಿತ್ರಗಳನ್ನು ನಾನು ಕುಳಿತು ನೋಡಿದ್ದೇನೆ. ನಾಯಕ ಬೆನ್ನು ತೋರಿಸಿ ನಿಧಾನವಾಗಿ ನಡೆಯುತ್ತಾನೆ. ಗಡ್ಡ ಬಿಟ್ಟಿದ್ದಾನೆಂದರೆ ಪ್ರೇಮಭಂಗವಾಗಿದೆಯೆಂದು ಅರ್ಥ. ಮೇಲಿನಿಂದ ಡ್ರೋನು ಒಮ್ಮೆ ಕೆರೆಯನ್ನು ತೋರಿಸುತ್ತದೆ. ಕೆರೆಗೂ ಕಥೆಗೂ ಸಂಬಂಧವಿಲ್ಲ. ಸಂಗೀತ ಯಾರದೋ ದೊಡ್ಡ ಚಿತ್ರದಿಂದ ತಂದದ್ದು. ಕೊನೆಯಲ್ಲಿ ಯಾರಾದರೂ ಸಾಯಲೇಬೇಕು, ಸತ್ತವನು ಮತ್ತೆ ಎದ್ದು ಕೃತಜ್ಞತೆಗಳನ್ನು ಸಲ್ಲಿಸಲೇಬೇಕು. ಈ ಇಪ್ಪತ್ತರಲ್ಲಿ ಒಂದರಲ್ಲಾದರೂ ಒಬ್ಬ ಮನುಷ್ಯ ಕೆಲಸ ಮಾಡುವುದನ್ನು ನಾನು ಕಾಣಲಿಲ್ಲ. ತೆಗೆದವರೆಲ್ಲ ದುಡಿಯುವವರ ಮಕ್ಕಳು! ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ ಬಂದವನೇ ಮಧ್ಯಾಹ್ನ ಕಪ್ಪು ಕನ್ನಡಕ ಹಾಕಿಕೊಂಡು ಬೆಂಗಳೂರಿನ ರೌಡಿಯಾಗುತ್ತಾನೆ. ಹೆಣ್ಣು ಪಾತ್ರವಂತೂ ಬರಿಯ ಫೋನಿನ ದನಿ. ನಮ್ಮ ತರಗತಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ವಿದ್ಯಾರ್ಥಿನಿಯರಿದ್ದಾರೆ. ರಜೆಯಲ್ಲಿ ಅವರನ್ನು ಮನೆಯಿಂದ ಹೊರಗೆ ಕರೆಯುವ ಧೈರ್ಯ ನಮಗಿಲ್ಲ, ಬರುವ ಅನುಮತಿ ಅವರಿಗಿಲ್ಲ. ಹಾಗಾಗಿ ನಮ್ಮ ಚಿತ್ರಗಳಲ್ಲಿ ಹೆಣ್ಣೆಂದರೆ ಮೋಸ ಮಾಡಿ ಫೋನ್ ಇಟ್ಟವಳು. ಇದರಲ್ಲಿ ಅನ್ಯಾಯವೂ ಇದೆ, ಸೋಮಾರಿತನವೂ ಇದೆ.

ಚಲಚ್ಚಿತ್ರವೆಂಬುದು ಹುಟ್ಟಿದ್ದು ಹೀಗಲ್ಲ. 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನಲ್ಲಿ ಲೂಮಿಯೇರ್ ಸಹೋದರರು ಹಣ ಕೊಟ್ಟು ಬಂದ ಸಾರ್ವಜನಿಕರಿಗೆ ಹತ್ತು ಚಿತ್ರಗಳನ್ನು ತೋರಿಸಿದರು. ಒಂದೊಂದೂ ಒಂದು ನಿಮಿಷಕ್ಕಿಂತ ಕಡಿಮೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಹತ್ತೂ ಕಿರುಚಿತ್ರಗಳೇ. ಮೊದಲನೆಯದು ಏನು? ಲಿಯೋನಿನ ಕಾರ್ಖಾನೆಯೊಂದರ ಬಾಗಿಲು ತೆರೆಯುತ್ತದೆ, ಕೆಲಸ ಬಿಟ್ಟ ಹೆಂಗಸರೂ ಗಂಡಸರೂ ಹೊರಗೆ ಬರುತ್ತಾರೆ, ಒಂದು ನಾಯಿ ಓಡಾಡುತ್ತದೆ, ಅಷ್ಟೆ. ಸಿನಿಮಾ ಮೊದಲು ಕಣ್ಣು ಬಿಟ್ಟದ್ದು ಕೂಲಿಯವರ ಮೇಲೆ. ಆದರೆ ಇಲ್ಲಿ ಇನ್ನೊಂದು ಮಾತನ್ನು ಗಮನಿಸಬೇಕು. ಆ ಕಾರ್ಖಾನೆ ಲೂಮಿಯೇರರ ಮನೆತನದ್ದೇ. ಕ್ಯಾಮರಾ ಯಜಮಾನನ ಕೈಯಲ್ಲಿತ್ತು, ಅದು ನಿಂತದ್ದು ಬಾಗಿಲಿನ ಹೊರಗೆ. ಒಳಗಿನ ಕೆಲಸ ಹೇಗಿತ್ತೆಂದು ಆ ಚಿತ್ರ ಹೇಳುವುದಿಲ್ಲ. ಕೆಲಸಗಾರನ ಮಗನ ಕೈಗೆ ಕ್ಯಾಮರಾ ಬಂದರೆ ಅದು ಬಾಗಿಲು ದಾಟಿ ಒಳಗೆ ಹೋಗಬಹುದಲ್ಲ ಎಂಬುದು ನನ್ನ ವಾದದ ತಿರುಳು. ನಮ್ಮ ಮನೆಯ ಮಟ್ಟಿಗೆ ಅದು ಬರಲು ನೂರಿಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಬಂದದ್ದನ್ನು ಬೆನ್ನು ತೋರಿಸಿ ನಡೆಯುವ ನಾಯಕನಿಗಾಗಿ ವ್ಯಯ ಮಾಡುವುದೇ?

"ನಾವು ಹವ್ಯಾಸಿಗಳು, ನಮ್ಮಿಂದೇನಾದೀತು" ಎನ್ನುವವರಿಗೆ ಉದಾಹರಣೆಗಳಿಗೆ ಕೊರತೆಯಿಲ್ಲ. ಸತ್ಯಜಿತ್ ರಾಯ್ ಅವರು 'ಪಥೇರ್ ಪಾಂಚಾಲಿ'ಯನ್ನು 1952ರಲ್ಲಿ ಆರಂಭಿಸಿದಾಗ ಕಲ್ಕತ್ತೆಯ ಜಾಹೀರಾತು ಕಂಪೆನಿಯೊಂದರಲ್ಲಿ ನೌಕರಿಯಲ್ಲಿದ್ದರು, ಚಿತ್ರೀಕರಣ ರಜಾದಿನಗಳಲ್ಲಿ. ಛಾಯಾಗ್ರಾಹಕ ಸುಬ್ರತ ಮಿತ್ರ ಅದಕ್ಕೆ ಮೊದಲು ಚಲಚ್ಚಿತ್ರದ ಕ್ಯಾಮರಾ ಹಿಡಿದವರಲ್ಲ. ಬಿಳಿ ಕಾಶ ಹೂವಿನ ಬಯಲಿನಲ್ಲಿ ಒಂದು ದಿನ ಕೆಲಸ ಮಾಡಿ, ಮುಂದಿನ ವಾರ ಹೋಗಿ ನೋಡಿದರೆ ಹೂವನ್ನೆಲ್ಲ ದನಗಳು ಮೇದಿದ್ದವು. ಆ ದೃಶ್ಯ ಮುಗಿಸಲು ಮತ್ತೆ ಹೂ ಬಿಡುವ ಕಾಲದವರೆಗೆ ಕಾದರು. ಚಿತ್ರ ತೆರೆಗೆ ಬಂದದ್ದು 1955ರಲ್ಲಿ. ನಮ್ಮಲ್ಲೇ ಹೇಳುವುದಾದರೆ, ಮಂಡ್ಯ ಜಿಲ್ಲೆಯ ಒಂದು ಹಳ್ಳಿಯಲ್ಲಿ, ನಟರಲ್ಲದ ಹಳ್ಳಿಯ ಜನರನ್ನೇ ಇಟ್ಟುಕೊಂಡು, ಅಲ್ಲಿಯ ಆಡುಮಾತಿನಲ್ಲೇ ತೆಗೆದ 'ತಿಥಿ' 2015ರಲ್ಲಿ ಲೊಕಾರ್ನೊ ಉತ್ಸವದಲ್ಲಿ ಬಹುಮಾನ ಪಡೆಯಿತು. 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಮೊದಲ ಬಹುಮಾನ ಬಂದದ್ದು ಚಿದಾನಂದ ನಾಯ್ಕ ಅವರ ಹದಿನಾರು ನಿಮಿಷದ ಕನ್ನಡ ಚಿತ್ರಕ್ಕೆ. ಅದರ ಮೂಲ, ಮುದುಕಿಯೊಬ್ಬಳು ಹುಂಜವನ್ನು ಹೊತ್ತುಕೊಂಡು ಹೋದ್ದರಿಂದ ಊರಿಗೆ ಬೆಳಗಾಗದೆ ಹೋದ ನಮ್ಮ ಜನಪದ ಕಥೆ. ಅವರು ಪುಣೆಯ ಸಂಸ್ಥೆಯಲ್ಲಿ ಕಲಿತವರು, ನಾವಲ್ಲ. ಆ ಅಂತರವನ್ನು ಮರೆತು ಎದೆಯುಬ್ಬಿಸುವುದು ಬೇಡ. ಆದರೆ ಕಥೆ ಎಲ್ಲಿಂದ ಬಂತು ನೋಡಿ. ಅದು ನಮ್ಮ ಅಜ್ಜಿಯರ ಬಾಯಲ್ಲಿ ಬಿಟ್ಟಿಯಾಗಿ ಸಿಕ್ಕುತ್ತಿದ್ದ ಸರಕು.

ನಾವು ಆರಿಸಿಕೊಂಡ ವಸ್ತು ಕೊಬ್ಬರಿ. ತಿಪಟೂರಿನ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಬಲಿತ ತೆಂಗಿನಕಾಯನ್ನು ಸುಲಿಯದೆ ಅಟ್ಟಕ್ಕೆ ಹಾಕಿ ಹೆಚ್ಚು ಕಡಮೆ ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ಇಂಗುತ್ತದೆ, ತಿರುಳು ಒಣಗಿ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಗಿಟಗಿಟ ಸದ್ದು. ಆಗ ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕುಕ್ಕಿ ಮಟ್ಟೆ ಬಿಡಿಸಿ, ಚಿಪ್ಪು ಒಡೆದು, ಉಂಡೆಯನ್ನು ಇಡಿಯಾಗಿ ಹೊರತೆಗೆಯಬೇಕು. ಉಂಡೆ ಹೋಳಾದರೆ ಬೆಲೆ ಹೋಯಿತು. ಈ ಮೊನೆಯ ಮುಂದೆ ನಿಲ್ಲುವವರಲ್ಲಿ ನನ್ನ ತಂದೆಯೂ ಒಬ್ಬರು. ಕೂಲಿ ಸಾವಿರ ಕಾಯಿಗೆ ಇಷ್ಟೆಂದು. ಕಾಯಿ ಯಾರದೋ, ಅಟ್ಟ ಯಾರದೋ. ಮೊನೆಯ ಹತ್ತಿರ ಹೋಗಿ ಬರುವ ಕೈ ಮಾತ್ರ ಅವರದು. ನಾನು ಹುಟ್ಟಿದಂದಿನಿಂದ ಆ ಕೈಯನ್ನು ನೋಡಿದ್ದೇನೆ. ಆದರೂ ಒಂದು ಕಾಯಿಗೆ ಮೂರು ಕುಕ್ಕು, ಮೂರನೆಯದರಲ್ಲಿ ಮಣಿಕಟ್ಟು ಎಡಕ್ಕೆ ತಿರುಗುತ್ತದೆ, ತಿರುಗುವ ಹೊತ್ತಿಗೆ ಉಸಿರು ಬಿಡುತ್ತಾರೆ ಎಂಬುದು ನನಗೆ ತಿಳಿದದ್ದು ಚಿತ್ರವನ್ನು ನಾಲ್ಕು ಸಲ ಹಿಂದೆ ಮುಂದೆ ಓಡಿಸಿ ನೋಡಿದ ಮೇಲೆ.

ಕೆಲಸದ ತೊಡಕುಗಳು ಪುಸ್ತಕದಲ್ಲಿ ಓದಿದವಲ್ಲ. ಕೊಬ್ಬರಿಯ ಮನೆಯೊಳಗೆ ಕತ್ತಲು, ಬಾಗಿಲಿನಲ್ಲಿ ಸುಡುವ ಬೆಳಕು. ಬಾಗಿಲಿಗೆ ಬೆನ್ನು ಕೊಟ್ಟು ನಿಂತವನು ಮೊಬೈಲಿಗೆ ಕರಿಯ ಗೊಂಬೆಯಾಗಿ ಕಾಣುತ್ತಾನೆ. ಒಂದು ಬಿಳಿ ಪಂಚೆಯನ್ನು ಇಬ್ಬರು ಎದುರಿಗೆ ಹಿಡಿದು ನಿಂತು ಬೆಳಕನ್ನು ಒಳಕ್ಕೆ ತಿರುಗಿಸಿದೆವು. ಸದ್ದಿನದು ಇನ್ನೂ ಕಷ್ಟ. ಮೊಬೈಲು ಮಾತನ್ನು ಹಿಡಿಯಲೆಂದು ಮಾಡಿದ ಯಂತ್ರ. ಕುಕ್ಕಿನ ಸದ್ದು ಬಂದಾಗಲೆಲ್ಲ ಅದು ಬೆದರಿ ಉಳಿದ ದನಿಯನ್ನೆಲ್ಲ ತಗ್ಗಿಸಿಬಿಡುತ್ತದೆ. ಅದಕ್ಕಾಗಿ ಮೈಕನ್ನು ಬೇರೆ ಫೋನಿಗೆ ಹಾಕಿ, ಟವೆಲ್ಲಿನಲ್ಲಿ ಸುತ್ತಿ, ಮಟ್ಟೆಯ ರಾಶಿಯ ಮೇಲೆ ಮಲಗಿಸಿದೆವು. ಒಬ್ಬ ಅಣ್ಣ ಕೆಲಸ ನಿಲ್ಲಿಸದೆಯೇ "ಕೂಸು ಮಲಗೈತೆ, ಸದ್ದು ಮಾಡ್ಬ್ಯಾಡ್ರಪ್ಪೋ" ಎಂದದ್ದು ಹಾಗೆಯೇ ಚಿತ್ರದಲ್ಲಿ ಉಳಿದಿದೆ.

ಜೋಡಿಸುವ ಕೆಲಸ ನಮ್ಮ ತರಗತಿಯ ವಿದ್ಯಾರ್ಥಿನಿಯೊಬ್ಬರದು. ಮನೆಯಿಂದ ಹೊರಗೆ ಬರಲಾರದ ರಜೆಯನ್ನೆಲ್ಲ ಅವರು ಅಡಿಗೆಮನೆಯ ಕಿಟಕಿಯ ಪಕ್ಕದಲ್ಲಿ ಕುಳಿತು ನಮ್ಮ ಮೂರು ಗಂಟೆಯ ಚಿತ್ರಣವನ್ನು ಹನ್ನೊಂದು ನಿಮಿಷಕ್ಕೆ ಇಳಿಸಿದರು. ನಮ್ಮಲ್ಲಿ ಕನ್ನಡ ಐಚ್ಛಿಕ ತೆಗೆದುಕೊಂಡ ಗೆಳೆಯ ಹಿನ್ನೆಲೆಯ ಮಾತೊಂದನ್ನು ಬರೆದಿದ್ದ. ಅದರಲ್ಲಿ "ಶ್ರಮಜೀವಿ" ಏಳು ಸಲ, "ಬೆವರಹನಿ" ಐದು ಸಲ ಬರುತ್ತಿತ್ತು. ಅವರು ಅದನ್ನು ಕೇಳಿ, "ಕಾಯಿ ಸದ್ದು ಕೇಳ್ತಿದೆಯಲ್ಲ, ಇದ್ಯಾಕೆ?" ಎಂದು ಒಂದೇ ಮಾತಿನಲ್ಲಿ ತೀರ್ಮಾನ ಮಾಡಿದರು. ಗೆಳೆಯ ಮೂರು ದಿನ ಮಾತು ಬಿಟ್ಟ. ನನ್ನ ಮತ ಅವರ ಕಡೆಗೇ. ನಮ್ಮ ಅಪ್ಪ ಅವ್ವಂದಿರ ಮಾತು ನಾಟಕದಲ್ಲಿ ನಗಿಸುವುದಕ್ಕೆ, ವೇದಿಕೆಯಲ್ಲಿ ಹೊಗಳುವುದಕ್ಕೆ ಬರುತ್ತದೆಯೇ ಹೊರತು ವಿಷಯ ಹೇಳುವುದಕ್ಕೆ ಬರುವುದಿಲ್ಲ ಎಂಬ ನಂಬಿಕೆ ಓದಿದ ನಮ್ಮಲ್ಲಿ ಬೇರೂರಿದೆ. ಅವರು ಬಾಯಿ ತೆರೆದ ಕೂಡಲೆ ಮೇಲೊಂದು ಗ್ರಂಥಸ್ಥ ಕನ್ನಡದ ಹೊದಿಕೆ ಹಾಕುತ್ತೇವೆ. ಈ ಲೇಖನವನ್ನು ನಾನೇ ಗ್ರಂಥಸ್ಥ ಕನ್ನಡದಲ್ಲಿ ಬರೆಯುತ್ತಿದ್ದೇನಲ್ಲ ಎಂದು ಕೇಳುವವರುಂಟು. ಇದು ನನ್ನ ಮಾತು, ಹೇಗಾದರೂ ಬರೆದುಕೊಳ್ಳುತ್ತೇನೆ. ಅವರ ಬಾಯಿಗೆ ನನ್ನ ಮಾತು ತುರುಕುವುದು ಬೇರೆ.

ಮುಖ್ಯವಾದ ಜಗಳ ನಡೆದದ್ದು ಆರು ಸೆಕೆಂಡಿನ ಒಂದು ಷಾಟಿನ ಬಗ್ಗೆ. ಸುಮಾರು ನೂರು ವರ್ಷಗಳ ಹಿಂದೆ ರಷ್ಯದ ಕುಲೆಶೋವ್ ಎಂಬವರು ಒಂದು ಪ್ರಯೋಗ ಮಾಡಿದ್ದರು. ಒಬ್ಬ ನಟನ ಒಂದೇ ಮುಖವನ್ನು ಒಮ್ಮೆ ಸೂಪಿನ ತಟ್ಟೆಯ ಪಕ್ಕದಲ್ಲಿ, ಒಮ್ಮೆ ಶವಪೆಟ್ಟಿಗೆಯ ಪಕ್ಕದಲ್ಲಿ ಜೋಡಿಸಿದರೆ ನೋಡುವವರಿಗೆ ಮೊದಲನೆಯದರಲ್ಲಿ ಹಸಿವೂ ಎರಡನೆಯದರಲ್ಲಿ ದುಃಖವೂ ಕಂಡವಂತೆ, ಮುಖ ಬದಲಾಗಿರಲಿಲ್ಲ. ನಮ್ಮಲ್ಲೂ ಇದೇ ನಡೆಯಿತು. ತೂಕದ ಯಂತ್ರದ ಮೇಲೆ ಚೀಲ ಇಡುವ ಷಾಟಿನ ಪಕ್ಕಕ್ಕೆ ನನ್ನ ತಂದೆಯ ಮುಖವನ್ನು ಇಟ್ಟಾಗ, ತಲೆತಲಾಂತರದ ವಂಚನೆಯನ್ನೆಲ್ಲ ನುಂಗಿ ನಿಂತವರಂತೆ ಕಂಡರು. ನೋಡಿದ ಗೆಳೆಯನ ಕಣ್ಣಲ್ಲಿ ನೀರು ಬಂತು. ಆದರೆ ಆ ಹೊತ್ತಿನಲ್ಲಿ ನಾನು ಪಕ್ಕದಲ್ಲೇ ಇದ್ದೆ. ನನ್ನ ತಂದೆ ಚಹಾ ತರಲು ಹೋದ ಹುಡುಗ ಇನ್ನೂ ಬರಲಿಲ್ಲವಲ್ಲ ಎಂದು ದಾರಿ ನೋಡುತ್ತಿದ್ದರು. ಷಾಟು ಇರಲಿ ಎಂದವನ ವಾದ ಹೀಗೆ: ತೂಕದಲ್ಲಿ ಮೋಸ ನಡೆಯುವುದಿಲ್ಲವೇ? ನಿನ್ನ ತಂದೆಗೆ ಅದರ ನೋವಿಲ್ಲವೇ? ಇದ್ದ ನೋವನ್ನು ಇನ್ನೊಂದು ಗಳಿಗೆಯಿಂದ ತಂದು ತೋರಿಸಿದರೆ ಸುಳ್ಳು ಹೇಗಾಯಿತು? ಇದು ಸುಲಭವಾಗಿ ತಳ್ಳಿಹಾಕುವ ವಾದವಲ್ಲ. ಕಥಾಚಿತ್ರವಾಗಿದ್ದರೆ ನಾನೇ ಇದನ್ನು ಎತ್ತಿಹಿಡಿಯುತ್ತಿದ್ದೆ. ಆದರೆ ನಾವು ತೆಗೆಯುತ್ತಿದ್ದುದು ಇರುವುದನ್ನು ಇರುವಂತೆ ಹೇಳುವ ಚಿತ್ರ. ಬಡವನ ಮುಖದಲ್ಲಿ ಸದಾ ದುಃಖವನ್ನೇ ಹುಡುಕುವುದು ಪಟ್ಟಣದವರ ಹವ್ಯಾಸ. ಚಹಾ ಕಾಯುವ ಹಕ್ಕು ಅವನಿಗೂ ಇರಬೇಕು. ಷಾಟು ತೆಗೆದೆವು.

ಈಗ ಹೇಳಬೇಕಾದ ಕಷ್ಟದ ಮಾತಿಗೆ ಬರುತ್ತೇನೆ. ಈ ಚಿತ್ರವನ್ನು ನಮ್ಮ ಕಾಲೇಜಿನಲ್ಲಿ ಯಾರೂ ನೋಡಿಲ್ಲ. ಊರಿನಲ್ಲಿ ತೋರಿಸಿದೆವು, ಪಕ್ಕದ ಮನೆಯ ಟಿ.ವಿ.ಗೆ ಫೋನು ಜೋಡಿಸಿ ಎರಡು ಸಂಜೆ. ನನ್ನ ತಂದೆಯೂ ಬಾಗಿಲಲ್ಲಿ ನಿಂತು ನೋಡಿದರು. ಒಂದು ಕಡೆ "ಆ ಕಾಯಿ ಎಳೇದು, ಅದನ್ನ ತಗೀಬಾರದಾಗಿತ್ತು" ಎಂದರು. ಅದು ಛಾಯಾಗ್ರಹಣದ ವಿಮರ್ಶೆಯಲ್ಲ, ಕಾಯಿಯದು. ಆದರೆ ಕಾಲೇಜಿನಲ್ಲಿ ತೋರಿಸುವ ಮಾತು ತೆಗೆದಾಗ ಮುಖ ಗಂಟಿಕ್ಕಿತು. "ನಿನ್ನ ಓದುಸ್ತಿರೋದು ಈ ಮೊನೆ ಬಿಟ್ಟು ಹೋಗ್ಲಿ ಅಂತ. ನೀನು ಇದನ್ನೇ ಹೊತ್ಕೊಂಡು ಕಾಲೇಜಿಗೆ ಹೋಗ್ತೀನಿ ಅಂತೀಯಲ್ಲ ಮಗ?" ಎಂದರು. ನಾನು ಇದರಲ್ಲಿ ನಾಚುವಂಥದ್ದು ಏನಿದೆ ಅಪ್ಪ, ದುಡಿಮೆಯಲ್ಲವೇ ಎಂದೆ. "ನಿಂಗೆ ನಾಚ್ಕೆ ಇಲ್ಲ, ಸರಿ. ನಾಳೆ ನಿಂಗೆ ಕೆಲ್ಸ ಕೊಡೋನಿಗೆ?" ಎಂದರು.

ಗೆಳೆಯರು ಸಿಡಿಮಿಡಿಗೊಂಡರು. ಅಂತರ ಕಾಲೇಜು ಸ್ಪರ್ಧೆಯೊಂದರ ದಿನಾಂಕ ಹತ್ತಿರ ಬರುತ್ತಿತ್ತು. ಬಹುಮಾನ ಬಂದೇ ಬರುತ್ತದೆಂದು ಅವರ ನಂಬಿಕೆ. ದುಡಿಮೆಯ ಬಗ್ಗೆ ಇರುವ ನಾಚಿಕೆಯನ್ನು ಕಳೆಯಲೆಂದೇ ತೆಗೆದ ಚಿತ್ರವನ್ನು ಅದೇ ನಾಚಿಕೆಗೆ ಹೆದರಿ ಬಚ್ಚಿಡುವುದು ಎಂಥ ನ್ಯಾಯ ಎಂದು ಕೇಳಿದರು. ತರ್ಕ ಅವರ ಕಡೆಗಿದೆ. ಆದರೂ ಕಳುಹಿಸಬಾರದೆಂದೇ ನಾನು ಹಟ ಹಿಡಿದೆ, ಈಗಲೂ ಹಿಡಿದಿದ್ದೇನೆ. ಕ್ಯಾಮರಾ ನಮ್ಮದು, ಬುದ್ಧಿ ನಮ್ಮದು, ಹನ್ನೊಂದು ನಿಮಿಷವೂ ನಮ್ಮದೇ ಇರಬಹುದು; ಮುಖ ಅವರದು. ಯಜಮಾನನು ಕಾರ್ಖಾನೆಯ ಬಾಗಿಲಲ್ಲಿ ಕ್ಯಾಮರಾ ಇಟ್ಟಾಗ ಕೂಲಿಯವರನ್ನು ಯಾರಾದರೂ "ತೋರಿಸಲೇ?" ಎಂದು ಕೇಳಿದರೋ ಇಲ್ಲವೋ, ನಾವು ಕೇಳಬೇಕು, ಕೇಳಿದ ಮೇಲೆ ಬಂದ ಉತ್ತರ ಬೇಡವೆಂದಾದರೂ ಅದು ಉತ್ತರವೇ. ನನ್ನ ತಂದೆಯ ಅಂಜಿಕೆ ಅಜ್ಞಾನದ್ದಲ್ಲ. ಓದಿದವರ ಲೋಕ ಕೈಕೆಲಸದವರನ್ನು ಹೇಗೆ ನೋಡುತ್ತದೆಂಬುದನ್ನು ನನಗಿಂತ ಮೂವತ್ತು ವರ್ಷ ಹೆಚ್ಚು ಕಂಡವರ ಲೆಕ್ಕಾಚಾರ ಅದು. ಆ ಲೆಕ್ಕ ತಪ್ಪೆಂದು ತೋರಿಸಬೇಕಾದವರು ಅವರಲ್ಲ; ಈ ಪುಟವನ್ನು ಓದುತ್ತಿರುವ ನಾವು, ನಮ್ಮ ಗುರುಗಳು, ನಾಳೆ ನಮಗೆ ಕೆಲಸ ಕೊಡುವವರು. ಅದನ್ನು ತೋರಿಸುವವರೆಗೆ ಚಿತ್ರ ನನ್ನ ಫೋನಿನಲ್ಲಿರುತ್ತದೆ. ಈ ಲೇಖನಕ್ಕೂ ಅವರ ಒಪ್ಪಿಗೆ ಕೇಳಿದೆ. "ಬರಿಯೋದು ಬರಿ. ಬರುದ್ರೆ ಮುಖ ಕಾಣಲ್ವಲ್ಲ" ಎಂದರು.

ಇಷ್ಟೆಲ್ಲ ಆದ ಮೇಲೂ ಕಿರುಚಿತ್ರ ತೆಗೆಯಿರಿ ಎಂದೇ ನನ್ನ ಸಹಪಾಠಿಗಳಿಗೆ ಹೇಳುತ್ತೇನೆ. ಎಲ್ಲರ ಮನೆಯ ಕೆಲಸವೂ ಬಚ್ಚಿಡುವಂಥದ್ದೆಂದು ಎಲ್ಲ ತಂದೆತಾಯಿಗಳೂ ತಿಳಿಯುವುದಿಲ್ಲ. ನಮ್ಮ ಚಿತ್ರವನ್ನು ನೋಡಿದ ಊರಿನ ಹೆಂಗಸರೇ "ಗಂಡಸ್ರು ಕಾಯಿ ಸುಲಿಯೋದು ತೋರ್ಸಿದ್ರಿ, ಚಿಪ್ಪು ಒಡ್ಯೋ ನಾವೆಲ್ಲಿ?" ಎಂದು ಕೇಳಿದರು. ಉಂಡೆಗೆ ಗಾಯವಾಗದಂತೆ ಚಿಪ್ಪು ಒಡೆಯುವುದು ಸುಲಿಯುವುದಕ್ಕಿಂತ ನಾಜೂಕಿನ ಕೆಲಸ. ಅದರದ್ದೇ ಒಂದು ಚಿತ್ರ ಆಗಬೇಕು. ಅವರು ಕುಳಿತು ಹರಟುವ ಜಾಗಕ್ಕೆ ನಮ್ಮಂಥ ಹುಡುಗರು ಹೋದರೆ ಮಾತು ನಿಂತುಹೋಗುತ್ತದೆ. ಅದನ್ನು ತೆಗೆಯಬೇಕಾದವರು ಅಡಿಗೆಮನೆಯ ಕಿಟಕಿಯ ಪಕ್ಕದಲ್ಲಿ ಕುಳಿತಿದ್ದ ನಮ್ಮ ಸಹಪಾಠಿಯೇ. ಅವರ ಮನೆಯವರನ್ನು ಒಪ್ಪಿಸಲು ನಮ್ಮ ಅಧ್ಯಾಪಕಿಯರಲ್ಲಿ ಯಾರಾದರೂ ಒಂದು ಸಲ ಹೋಗಿ ಬಂದರೆ ಅರ್ಧ ಕೆಲಸ ಆದಂತೆ.

ಕಾಲೇಜಿಗೂ ಒಂದು ಬಿನ್ನಹವಿದೆ. ಹೆಗ್ಗೋಡು ದೊಡ್ಡ ಪಟ್ಟಣವಲ್ಲ, ಅಲ್ಲಿ ಕೆ. ವಿ. ಸುಬ್ಬಣ್ಣನವರ ನೀನಾಸಂ 1970ರ ದಶಕದಲ್ಲೇ ಚಿತ್ರಸಮಾಜವನ್ನು ಕಟ್ಟಿ ಜಗತ್ತಿನ ಒಳ್ಳೆಯ ಚಿತ್ರಗಳನ್ನು ಹಳ್ಳಿಯ ಜನಕ್ಕೆ ತೋರಿಸಿತು. ಆಗ ರೀಲುಗಳ ಪೆಟ್ಟಿಗೆ ಹೊತ್ತು ತರಬೇಕಿತ್ತು. ನಮ್ಮ ಸಭಾಂಗಣದಲ್ಲಿ ಪ್ರೊಜೆಕ್ಟರ್ ಇದೆ. ವರ್ಷಕ್ಕೆ ಎರಡು ಬಾರಿ, ಅತಿಥಿಗಳ ಹೆಸರನ್ನು ಗೋಡೆಯ ಮೇಲೆ ಮೂಡಿಸುವ ಕೆಲಸಕ್ಕೆ ಅದನ್ನು ಎಬ್ಬಿಸುತ್ತಾರೆ. ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಹುಡುಗರು ಹುಡುಗಿಯರು ತೆಗೆದದ್ದನ್ನೂ ದೊಡ್ಡವರು ತೆಗೆದದ್ದನ್ನೂ ಪಕ್ಕಪಕ್ಕದಲ್ಲಿ ನೋಡಿ, ಗುರುಗಳು ಎದುರಿಗೇ ಕುಳಿತು ಬೈಯಲಿ. ಬೆನ್ನು ತೋರಿಸಿ ನಡೆಯುವ ನಾಯಕರಲ್ಲಿ ಅರ್ಧ ಮಂದಿ ಮೊದಲನೆಯ ಶನಿವಾರವೇ ತಿರುಗಿ ನಿಲ್ಲುತ್ತಾರೆಂದು ನನ್ನ ಅಂದಾಜು. ಹಣ ಬೇಡ, ಸಮಿತಿ ಬೇಡ, ಉದ್ಘಾಟನೆಯಂತೂ ಬೇಡವೇ ಬೇಡ. ಎರಡು ಗಂಟೆಯಿಂದ ನಾಲ್ಕು ಗಂಟೆಯವರೆಗೆ ಸಭಾಂಗಣದ ಬೀಗದ ಕೈ ಸಿಕ್ಕರೆ ಸಾಕು. ಕಿಟಕಿಗಳಿಗೆ ಕಂಬಳಿಯನ್ನು ಹಾಸ್ಟೆಲಿನಿಂದ ನಾವೇ ತರುತ್ತೇವೆ.